ಮಾಡು ಬಿಚ್ಚಿದ ಮೇಲೆ ಬರುವ ಫೋನ್: ಟೆಕ್ಸಸ್‌ನಲ್ಲಿ ರೂಫ್ ಬದಲಿಸುವವರಿಗೆ

ಆಲಿಕಲ್ಲು ಬಿದ್ದ ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆಲ್ಲ ನಮ್ಮ ಬೀದಿಯಲ್ಲಿ ಬಾಗಿಲು ಬಡಿಯುವ ಸದ್ದು ಶುರುವಾಗುತ್ತದೆ. ಬಂದವರು ರೂಫ್ ಕಂಟ್ರಾಕ್ಟರುಗಳ ಕಡೆಯವರು: ಪೋಲೋ ಶರ್ಟು, ಕೈಯಲ್ಲಿ ಟ್ಯಾಬ್ಲೆಟ್, ಹೊರಗೆ ಟ್ರಕ್ಕಿನ ಮೇಲೆ ಏಣಿ. ಡಲ್ಲಾಸ್ ಸುತ್ತಮುತ್ತ ಇರುವವರಿಗೆ ಈ ದೃಶ್ಯ ಗೊತ್ತು. ಎದುರು ಮನೆಗೆ ಹೊಸದಾಗಿ ಬಂದಿರುವ ಹಾಸನದ ಹುಡುಗ ಈ ಸಲ ಮಧ್ಯಾಹ್ನದೊಳಗೆ ಸಹಿ ಹಾಕಿ ಕೂತಿದ್ದ. "ಬರೀ ಇನ್‌ಸ್ಪೆಕ್ಷನ್‌ಗೆ ಅಣ್ಣಾ, ಫ್ರೀ" ಅಂದ. ಕಾಗದ ಇಸಿದುಕೊಂಡು ಓದಿದೆ. ಎರಡನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿತ್ತು: ಇನ್ಶೂರೆನ್ಸ್ ಕ್ಲೇಮ್ ಮಂಜೂರಾದರೆ ಕೆಲಸ ಇವರಿಗೇ ಕೊಡಬೇಕು, ಕೊಡದಿದ್ದರೆ ದಂಡ ಕಟ್ಟಬೇಕು. ಎಂಟು ವರ್ಷದ ಹಿಂದೆ ನಾನೂ ಇಂಥದ್ದೇ ಕಾಗದಕ್ಕೆ ಸಹಿ ಹಾಕಿದ್ದೆ.

ಹುಡುಗ ಬಚಾವಾದ. ಮನೆಗೇ ಬಂದು ಮಾಡಿಸಿಕೊಂಡ ಇಂಥ ಒಪ್ಪಂದವನ್ನು ಮೂರು ಬಿಸಿನೆಸ್ ದಿನಗಳೊಳಗೆ ರದ್ದು ಮಾಡಬಹುದು. ಇದು ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮ. ಶನಿವಾರವೂ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಸೋಮವಾರ ನೋಡೋಣ ಅಂತ ಕೂರಬೇಡಿ. ರದ್ದು ಮಾಡುವುದನ್ನು ಬರೆದು ಕಳಿಸಿ. ಫೋನಿನಲ್ಲಿ ಹೇಳಿದ್ದು ಹೇಳಿದ ಹಾಗಲ್ಲ.

ಇನ್ನೊಂದು ವಿಷಯ ಕೇಳಿದರೆ ಹೊಸಬರು ಬೆರಗಾಗುತ್ತಾರೆ. ಟೆಕ್ಸಸ್‌ನಲ್ಲಿ ಕೂದಲು ಕತ್ತರಿಸಲು ರಾಜ್ಯದ ಲೈಸೆನ್ಸ್ ಬೇಕು. ನಿಮ್ಮ ಮನೆಯ ರೂಫ್ ಕಿತ್ತು ಹಾಕಲು ಬೇಡ! ಅಷ್ಟೇ ಅಲ್ಲ, ಕೆಲಸಗಾರರಿಗೆ ಪೆಟ್ಟಾದರೆ ಪರಿಹಾರ ಕೊಡುವ ವರ್ಕರ್ಸ್ ಕಾಂಪ್ ವಿಮೆಯೂ ಇಲ್ಲಿ ಖಾಸಗಿ ಕಂಪನಿಗಳಿಗೆ ಕಡ್ಡಾಯವಿಲ್ಲ. ಆದ್ದರಿಂದ ವಿಮೆಯ ಸರ್ಟಿಫಿಕೇಟನ್ನು ಕಂಟ್ರಾಕ್ಟರ್ ಕೈಯಿಂದ ತೆಗೆದುಕೊಳ್ಳಬೇಡಿ, ಅವರ ಏಜೆಂಟ್ ಕಡೆಯಿಂದ ನೇರವಾಗಿ ತರಿಸಿಕೊಳ್ಳಿ. ಮೂರು ಕೊಟೇಶನ್ ತೆಗೆದುಕೊಳ್ಳಿ, ರಿವ್ಯೂ ಓದಿ ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ?

ಈಗ ನನ್ನ ದುಡ್ಡು ಹೋದ ಕಥೆ.

ನಮ್ಮದು 1989ರಲ್ಲಿ ಕಟ್ಟಿದ ಮನೆ. ರೂಫ್ 30 ಸ್ಕ್ವೇರ್. ಒಂದು ಸ್ಕ್ವೇರ್ ಅಂದರೆ 100 ಚದರ ಅಡಿ. ಕೊಟೇಶನ್ ಒಪ್ಪುವ ಹಾಗಿತ್ತು. ಅದರ ಕೊನೆಯಲ್ಲಿ ಒಂದೇ ಒಂದು ಸಾಲು: ಹಾಳಾದ ಡೆಕಿಂಗ್ ಇದ್ದರೆ ಅಗತ್ಯಕ್ಕೆ ತಕ್ಕಂತೆ ಬದಲಿಸಲಾಗುವುದು, ಶೀಟಿಗೆ 95 ಡಾಲರ್. ಇಲ್ಲಿ ಹೆಂಚಿನ ಬದಲು ಮಾಡಿಗೆ ಹೊದಿಸುವ ತೆಳು ಬಿಲ್ಲೆಗೆ ಶಿಂಗಲ್ ಅನ್ನುತ್ತಾರೆ. ಡೆಕಿಂಗ್ ಅಂದರೆ ಅದರ ಕೆಳಗಿನ ಹಲಗೆ, ಪ್ಲೈವುಡ್ಡೋ ಓಎಸ್‌ಬಿಯೋ (ಮರದ ಚಕ್ಕೆ ಅಂಟಿಸಿ ಮಾಡಿದ್ದು) ಇರುತ್ತದೆ. ನಮ್ಮ ಹೆಂಚಿನ ಮಾಡಿಗೆ ರೀಪು ಇದ್ದ ಹಾಗೆ. ಹಳೇ ಶಿಂಗಲ್ ಕೀಳುವ ತನಕ ಅದರ ಸ್ಥಿತಿ ಪೂರ್ತಿ ಕಾಣುವುದಿಲ್ಲ ಅನ್ನುವುದು ನಿಜ. ಆ ಸಾಲು ಇರುವುದೇ ಮೋಸ ಅಂತ ನಾನು ಹೇಳುತ್ತಿಲ್ಲ. ಎಲ್ಲ ಒಳ್ಳೆಯ ಕಂಟ್ರಾಕ್ಟರುಗಳೂ ಅದನ್ನು ಬರೆಯುತ್ತಾರೆ. ಆದರೆ ನಾನು ಬರೀ 95 ಡಾಲರ್ ನೋಡಿದೆ. ಎಷ್ಟು ಶೀಟು ಅಂತ ಕೇಳಲಿಲ್ಲ.

ಕೆಲಸದ ದಿನ ಆಫೀಸಿಗೆ ಹೋದೆ. ಹತ್ತೂವರೆಗೆ ಫೋನ್ ಬಂತು. "ಸರ್, 38 ಶೀಟ್ ಕೊಳೆತಿದೆ. ಸಂಜೆ ಮಳೆ ಅಂತಿದೆ. ಹಾಕಿಬಿಡೋಣವಾ?" ರೂಫ್ ಬಿಚ್ಚಿ ಮಲಗಿದೆ, ಮೇಲೆ ಮೋಡ, ಕೆಳಗೆ ಮಗುವಿನ ತೊಟ್ಟಿಲು. ಯಾರು ಬೇಡ ಅಂತಾರೆ? ಹಾಕಿ ಅಂದೆ. ಸಂಜೆ 3,610 ಡಾಲರ್ ಜಾಸ್ತಿ ಸೇರಿಸಿದ ಬಿಲ್ ಬಂತು. ಚೆಕ್ ಬರೆದುಕೊಟ್ಟೆ.

ವಾರ ಕಳೆದ ಮೇಲೆ ಸೂಟ್‌ಕೇಸ್ ಇಡಲು ಅಟ್ಟ ಹತ್ತಿದಾಗ ಕಣ್ಣಿಗೆ ಬಿತ್ತು. ಮೂವತ್ತು ವರ್ಷದ ಹಳೇ ಹಲಗೆ ಚಹಾ ಬಣ್ಣಕ್ಕೆ ತಿರುಗಿರುತ್ತದೆ. ಹೊಸ ಶೀಟು ತಿಳಿ ಬಣ್ಣ, ಮೈಮೇಲೆ ಅಚ್ಚು ಹೊಡೆದ ಅಕ್ಷರ. ಕತ್ತಲಲ್ಲಿ ಟಾರ್ಚ್ ಬಿಟ್ಟರೆ ಬೇರೆ ಬೇರೆ ಎದ್ದು ಕಾಣುತ್ತದೆ. ಎಣಿಸಿದೆ. ಹೆಂಡತಿಯನ್ನೂ ಕರೆದು ಎಣಿಸಿಸಿದೆ. ಹದಿನೇಳು.

ಲೆಕ್ಕವನ್ನು ನಾನು ಮೊದಲೇ ಮಾಡಬಹುದಿತ್ತು. ಒಂದು ಶೀಟು 4 ಅಡಿಗೆ 8 ಅಡಿ, ಅಂದರೆ 32 ಚದರ ಅಡಿ. 30 ಸ್ಕ್ವೇರ್ ರೂಫಿಗೆ ಸುಮಾರು 94 ಶೀಟು. ಅದರಲ್ಲಿ 38 ಕೊಳೆತಿದೆ ಅಂದರೆ ರೂಫಿನ ಐದರಲ್ಲಿ ಎರಡು ಪಾಲು ಹೋಗಿದೆ ಅಂತ ಅರ್ಥ. ಅಷ್ಟು ಕೊಳೆತಿದ್ದರೆ ಸೀಲಿಂಗ್ ಮೇಲೆ ಒಂದಾದರೂ ಕಲೆ ಇರಬೇಕಿತ್ತಲ್ಲ? ಫೋನ್ ಬಂದಾಗ ಇದು ಯಾವುದೂ ಹೊಳೆಯಲಿಲ್ಲ. ಕಂಟ್ರಾಕ್ಟರಿಗೆ ಬರೆದೆ. ಕೆಲವು ಶೀಟನ್ನು ತುಂಡು ಮಾಡಿ ಹಾಕಿದ್ದೇವೆ, ಸೂರಿನ ಅಂಚಿನದ್ದು ನಿಮಗೆ ಕಾಣುವುದಿಲ್ಲ ಅಂದರು. ಅವರ ಹತ್ತಿರ ಫೋಟೋ ಇಲ್ಲ, ನನ್ನ ಹತ್ತಿರವೂ ಇಲ್ಲ. ನಾಲ್ಕು ತಿಂಗಳು ಜಗ್ಗಾಡಿ 1,100 ಡಾಲರ್ ವಾಪಸ್ ಬಂತು.

ಇನ್ಶೂರೆನ್ಸ್‌ಗೂ ಬಿಲ್ ಕಳಿಸಿದ್ದೆ. ಕೊಡಲಿಲ್ಲ. ಕೊಳೆತದ್ದು ಆಲಿಕಲ್ಲಿನಿಂದ ಆದ ಹಾನಿಯಲ್ಲ, ಹಳೆಯದಾಗಿ ಆದದ್ದು ಅಂದರು. ಜೊತೆಗೆ ಮುಚ್ಚಿದ ಮೇಲೆ ನೋಡುವುದಕ್ಕೆ ಏನೂ ಉಳಿದಿರಲಿಲ್ಲ. ಇದು ನೆನಪಿರಲಿ: ವಿಮೆಯಿಂದ ಹೆಚ್ಚುವರಿ ಹಣ ಕೇಳುವುದಿದ್ದರೆ ಫೋಟೋ ಕಳಿಸಿ, ಅಡ್ಜಸ್ಟರ್‌ಗೆ (ಹಾನಿ ಅಂದಾಜು ಮಾಡುವ ವಿಮಾ ಕಂಪನಿಯವರಿಗೆ) ತಿಳಿಸಿ, ಆಮೇಲೆ ಮುಚ್ಚಿಸಿ. ಕಟ್ಟಡದ ಕೋಡ್ ಈಗ ಕೇಳುವ ಡ್ರಿಪ್ ಎಡ್ಜ್‌ನಂಥ (ಸೂರಿನ ಅಂಚಿಗೆ ಹಾಕುವ ತಗಡಿನ ಪಟ್ಟಿ) ವಸ್ತುಗಳಿಗೆ ಹಣ ಸಿಗಬೇಕಾದರೆ ನಿಮ್ಮ ಪಾಲಿಸಿಯಲ್ಲಿ 'ಆರ್ಡಿನೆನ್ಸ್ ಆರ್ ಲಾ' ಅನ್ನುವ ಭಾಗ ಇದೆಯಾ ಅಂತ ಈಗಲೇ ನೋಡಿಕೊಳ್ಳಿ.

ಎರಡನೇ ಸಲ ರೂಫ್ ಹಾಕಿಸುವಾಗ ಒಪ್ಪಂದದಲ್ಲಿ ನಾನೇ ಬರೆಸಿದ್ದು ಹೇಳುತ್ತೇನೆ. ಶೀಟಿನ ಬೆಲೆಯಲ್ಲಿ ಕೂಲಿ, ಹಳೆಯದನ್ನು ಸಾಗಿಸುವುದು, ಎಲ್ಲ ಸೇರಿರಬೇಕು. ಮೊದಲ ಮೂರು ಶೀಟು ಕೊಟೇಶನ್ ಒಳಗೇ. (ಕೇಳಿದರೆ ಒಪ್ಪುವವರಿದ್ದಾರೆ, ಸುಮ್ನೆ ಕೇಳಿ.) ಐದು ದಾಟಿದರೆ ಫೋಟೋ ಜೊತೆ ಮೆಸೇಜ್ ಬರಬೇಕು, ನಾನು ಸರಿ ಅಂತ ಬರೆದ ಮೇಲೆಯೇ ಮುಂದಿನದು. ಕಿತ್ತ ಹಲಗೆಯನ್ನು ಕಸದ ಡಂಪ್‌ಸ್ಟರ್‌ಗೆ ಎಸೆಯದೆ ಡ್ರೈವ್‌ವೇ ಮೇಲೆ ಒಟ್ಟಬೇಕು. ಹಳೇ ಶಿಂಗಲ್ ಎರಡು ಪದರ ಇದ್ದರೆ ಎರಡನೆಯದನ್ನು ಕೀಳಲು ಎಷ್ಟು ಅನ್ನುವುದೂ ಮೊದಲೇ ಬರೆದಿರಬೇಕು. ಒಬ್ಬ ಕಂಟ್ರಾಕ್ಟರ್ ಇದನ್ನು ಓದಿ ಮುಖ ಸಿಂಡರಿಸಿ ಹೋದ. ಹೋಗಲಿ. ಸಹಿ ಹಾಕುವ ಮೊದಲು ಒಂದು ಬೆಳಿಗ್ಗೆ ತಂಪು ಹೊತ್ತಿನಲ್ಲಿ ಅಟ್ಟ ಹತ್ತಿ, ಚಿಮಣಿ ಮತ್ತು ಪೈಪುಗಳ ಸುತ್ತ ಕಪ್ಪು ಕಲೆ ಇದೆಯಾ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ.

ಮತ್ತೆ ರೂಫ್ ಬಿಚ್ಚುವ ದಿನ ರಜೆ ಹಾಕಿ. ತೀರ್ಥಹಳ್ಳಿಯಲ್ಲಿ ಮಳೆಗಾಲಕ್ಕೆ ಮೊದಲು ಹೆಂಚು ಇಳಿಸುವ ದಿನ ಅಪ್ಪ ಅಂಗಳದಲ್ಲಿ ಕುರ್ಚಿ ಹಾಕಿ ಕೂರುತ್ತಿದ್ದರು. ಹೆಂಚು ನಾವೇ ತರಿಸಿದ್ದು, ಮೇಸ್ತ್ರಿಗೆ ದಿನಗೂಲಿ. ಒಡೆದ ಹೆಂಚು, ಲಡ್ಡಾದ ರೀಪು, ಎಲ್ಲ ಅವರ ಕಣ್ಣೆದುರೇ ಕೆಳಗೆ ಬರುತ್ತಿತ್ತು. ಅಲ್ಲಿ ಕೆಲಸ ಎರಡು ದಿನದ್ದು ಐದು ದಿನ ಆಗುತ್ತದೆ, ಅದು ಬೇರೆ ಗೋಳು. ಇಲ್ಲಿ ಒಂದೇ ದಿನದಲ್ಲಿ ಮುಗಿಯುತ್ತದೆ, ಬರೆದ ಕಾಗದಕ್ಕೆ ಬೆಲೆಯೂ ಇದೆ. ವ್ಯವಸ್ಥೆ ಇಲ್ಲಿಯದೇ ವಾಸಿ ಅನ್ನುತ್ತೇನೆ, ಆದರೆ ಆ ಕುರ್ಚಿಯನ್ನು ಮಾತ್ರ ಊರಿಂದ ತಂದುಕೊಳ್ಳಿ. ಎರಡನೇ ಸಲ ನಾನು ಡ್ರೈವ್‌ವೇನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ. ಕೊಳೆತದ್ದು ನಾಲ್ಕೇ ಶೀಟು ಸಿಕ್ಕಿತು.

ದುಡ್ಡಿನ ಬಗ್ಗೆ ಇನ್ನು ಸ್ವಲ್ಪ. ಡಿಡಕ್ಟಿಬಲ್ ಅಂದರೆ ಕ್ಲೇಮ್‌ನಲ್ಲಿ ನಾವೇ ಕಟ್ಟಬೇಕಾದ ಪಾಲು. ಆಲಿಕಲ್ಲಿಗೆ ಅದು ಶೇ. 2 ಅಂದರೆ ರಿಪೇರಿ ಖರ್ಚಿನ ಶೇ. 2 ಅಂದುಕೊಂಡವರು ಎಷ್ಟೋ ಜನ. ಅದು ಮನೆಯ ವಿಮಾ ಮೊತ್ತದ ಮೇಲಿನ ಲೆಕ್ಕ. 4,50,000 ಡಾಲರಿಗೆ ವಿಮೆ ಇದ್ದರೆ 9,000 ನಿಮ್ಮ ಜೇಬಿನಿಂದ. "ಡಿಡಕ್ಟಿಬಲ್ ನಾವು ನೋಡಿಕೊಳ್ಳುತ್ತೇವೆ" ಅನ್ನುವವನನ್ನು ಅಲ್ಲೇ ಕಳಿಸಿಬಿಡಿ. 2019ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ ಅದು ಕಾನೂನುಬಾಹಿರ. ಡಿಡಕ್ಟಿಬಲ್ ಕಟ್ಟಿದ್ದಕ್ಕೆ ಪುರಾವೆ ಕೊಡಿ ಅಂತ ವಿಮಾ ಕಂಪನಿ ಕೇಳಬಹುದು, ಅದು ಸಿಗುವ ತನಕ ಕೊನೆಯ ಕಂತನ್ನು ತಡೆಹಿಡಿಯಬಹುದು. ವಿಮೆಯ ಚೆಕ್ ಮೇಲೆ ಮನೆಸಾಲದ ಬ್ಯಾಂಕಿನ ಹೆಸರೂ ಇರಬಹುದು. ಆಗ ಅವರ ಸಹಿಗೆ ವಾರಗಟ್ಟಲೆ ಕಾಯಬೇಕಾದೀತು. ಆ ಅಂದಾಜಿನಲ್ಲಿ ಕಂಟ್ರಾಕ್ಟರಿಗೆ ದಿನಾಂಕ ಕೊಡಿ.

ಕೊನೆಯ ಚೆಕ್ ಕೊಡುವ ಮೊದಲು ಲೀನ್ ವೇವರ್ ಕೇಳಿ, ಅಂದರೆ ಬಾಕಿಗಾಗಿ ನಿಮ್ಮ ಮನೆಯ ಮೇಲೆ ಹಕ್ಕು ಹೂಡುವುದಿಲ್ಲ ಅಂತ ಬರೆದುಕೊಡುವ ಕಾಗದ. ಶಿಂಗಲ್ ಕೊಟ್ಟ ಅಂಗಡಿಗೆ ಕಂಟ್ರಾಕ್ಟರ್ ಹಣ ಕಟ್ಟದಿದ್ದರೆ ಅವರು ನಿಮ್ಮ ಮನೆಯ ಮೇಲೆ ಹಕ್ಕು ಹೂಡಲು ಬರಬಹುದು, ನೀವು ಪೂರ್ತಿ ಕೊಟ್ಟಿದ್ದರೂ.

ಚೆಕ್ ಕೊಡುವ ಮೊದಲು ಇನ್ನೊಮ್ಮೆ ಅಟ್ಟ ಹತ್ತಿ. ಗ್ಯಾಸ್ ವಾಟರ್ ಹೀಟರಿನ ಹೊಗೆ ಪೈಪು ರೂಫಿನ ತನಕ ಕೂಡಿಕೊಂಡೇ ಇದೆಯಾ ನೋಡಿ. ಮೇಲೆ ಬಡಿದಾಡುವಾಗ ಅದು ಕಳಚಿಕೊಳ್ಳುವುದುಂಟು. ಕಳಚಿದರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಅಟ್ಟಕ್ಕೆ ಬಿಡುತ್ತದೆ, ವಾಸನೆಯೂ ಬರುವುದಿಲ್ಲ. ಮೊದಲ ಸಲ ನಮ್ಮದು ಕಳಚಿತ್ತು. ಗೊತ್ತಾಗಿದ್ದು ಎಸಿ ರಿಪೇರಿಗೆ ಬಂದವನಿಂದ, ಆರು ವಾರದ ಮೇಲೆ.