ಒಂದು ಕೌದಿ, ಆರು ಬುಟ್ಟಿ: ನಮ್ಮ ಪಡಸಾಲೆಯ ಆಟದ ಸಾಮಾನು

ತೊಗರಿಬೇಳೆ ಹಸನು ಮಾಡುತ್ತಾ ಕೂತಿದ್ದ ಅತ್ತೆ ಮೊರದಿಂದ ಏನನ್ನೋ ಹೆಕ್ಕಿ ನನ್ನ ಅಂಗೈಗೆ ಹಾಕಿದರು. ಕೆಂಪು ಪ್ಲಾಸ್ಟಿಕ್ ಮಣಿ. ಮಗಳ ಸರ ಪೋಣಿಸುವ ಆಟದ್ದು. "ನನ್ನ ಕಣ್ಣಿಗೆ ಬಿತ್ತು, ಸರಿ. ಸಣ್ಣವನ ಕೈಗೆ ಸಿಕ್ಕಿದ್ರೆ ಏನವ್ವ ಗತಿ?" ಅಂದರು. ಆಗ ಮಗನಿಗೆ ಒಂದು ವರ್ಷ ಎರಡು ತಿಂಗಳು. ನೆಲದ ಮೇಲೆ ಏನು ಕಂಡರೂ ಸೀದಾ ಬಾಯಿಗೆ. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ದಾವಣಗೆರೆಯ ವಿನೋಬನಗರದಲ್ಲಿ ನಮ್ಮ ಮನೆ. ಹಳೇ ಮನೆ, ಪಡಸಾಲೆ 10 ಅಡಿಗೆ 14 ಅಡಿ. ಆರು ಜನಕ್ಕೂ ಅದೊಂದೇ ಕೂರುವ ಜಾಗ. ಬೆಳಗ್ಗೆ ಮಾವ ಪೇಪರ್ ಓದುತ್ತಾರೆ, ಅವರ ಗೆಳೆಯರು ಬಂದು ಹೋಗುತ್ತಾರೆ. ಮಧ್ಯಾಹ್ನ ಅತ್ತೆಯ ಕಾಳುಕಡಿ ಕೆಲಸ. ಸಂಜೆ ಮಂಡಕ್ಕಿ, ಮಿರ್ಚಿ, ಟಿವಿ. ರಾತ್ರಿ ಮಾವನ ಹಾಸಿಗೆ ಅಲ್ಲೇ ದಿವಾನ್ ಮೇಲೆ. ಮಕ್ಕಳಿಗೆ ಅಂತ ಬೇರೆ ರೂಮು ಕೊಡೋಕೆ ಆಗಲ್ಲ. ಕೊಟ್ಟರೂ ನಾಲ್ಕು ವರ್ಷದ ಮಗಳು ಅಲ್ಲಿರಲ್ಲ. ಜನ ಎಲ್ಲಿರುತ್ತಾರೋ ಅಲ್ಲೇ ಅವಳ ಆಟ.

ಮಣಿ ಸಿಕ್ಕ ಮಾರನೇ ದಿನವೇ ಒಂದು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ ತಂದೆ. ಎಲ್ಲ ತುಂಬಿ ಮುಚ್ಚಳ ಹಾಕಿದೆ. ಪಡಸಾಲೆ ಕನ್ನಡಿ ಥರ ಆಯಿತು. ಅದು ಒಂದು ದಿನದ ಮಾತು. ಮಗಳಿಗೆ ತಳದಲ್ಲಿದ್ದ ಬಸ್ಸು ಬೇಕಾಯಿತು, ಇಡೀ ಪೆಟ್ಟಿಗೆ ಮಗುಚಿದಳು. ಬಸ್ಸು ತಗೊಂಡು ಹೋದಳು, ಉಳಿದದ್ದೆಲ್ಲ ನೆಲದ ಮೇಲೆ. ಮೂರನೇ ದಿನ ಮುಚ್ಚಳ ಅವಳ ಬೆರಳ ಮೇಲೆ ಬಿತ್ತು. ಅದೇ ವಾರ ಮಾವ ರಾತ್ರಿ ಬಚ್ಚಲಿಗೆ ಅಂತ ಎದ್ದವರು ಪುಟ್ಟ ಕಾರಿನ ಮೇಲೆ ಕಾಲಿಟ್ಟು ಜಾರಿದರು. ಗೋಡೆ ಹಿಡಿದುಕೊಂಡಿದ್ದಕ್ಕೆ ಬೀಳಲಿಲ್ಲ, ಆದರೆ ಪಾದ ಉಳುಕಿ ಹದಿನೈದು ದಿನ ಕುಂಟಿದರು. ಅವರಿಗೆ 71 ವರ್ಷ. ಮಕ್ಕಳ ಮೇಲೆ ಒಂದು ಮಾತೂ ಸಿಡುಕಲಿಲ್ಲ. ಅದೇ ನನಗೆ ಜಾಸ್ತಿ ನೋವಾಯಿತು.

ಆಗ ಅರ್ಥವಾಯಿತು, ನಾನು ಬರೀ ಮಕ್ಕಳನ್ನು ನೋಡಿಕೊಂಡು ಜೋಡಿಸುತ್ತಿದ್ದೆ. ಪಡಸಾಲೆ ಎಲ್ಲರದ್ದು. ರಾತ್ರಿ ಕತ್ತಲಲ್ಲಿ ಎದ್ದು ನಡೆಯುವವರ ಕಾಲಿಗೂ ಆ ಏರ್ಪಾಡು ಒಪ್ಪಬೇಕು.

ಮೊದಲು ಎಲ್ಲವನ್ನೂ ನೆಲದ ಮೇಲೆ ಸುರಿದು ವಿಂಗಡಿಸಿದೆ. ಒಂದು ಭಾನುವಾರ ಪೂರ್ತಿ ಹಿಡಿಯಿತು. ಮುರಿದದ್ದು, ಚೂಪು ಅಂಚಿನದು ಆಚೆ. ನಂತರ ಸಣ್ಣ ಸಾಮಾನು. ಮೂರು ವರ್ಷದೊಳಗಿನ ಮಕ್ಕಳಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವಂಥದ್ದು ಯಾವುದು ಅಂತ ನೋಡೋಕೆ ಆಟಿಕೆ ತಯಾರಕರು ಸುಮಾರು 3.2 ಸೆಂ.ಮೀ. ಅಗಲದ ಕೊಳವೆಯಲ್ಲಿ ಹಾಕಿ ಪರೀಕ್ಷೆ ಮಾಡುತ್ತಾರೆ. ನಾನು ಮದುವೆ ಪತ್ರಿಕೆಯ ದಪ್ಪ ಹಾಳೆ ಸುತ್ತಿ, ಸ್ಕೇಲ್ ಇಟ್ಟು, ಇನ್ನೂ ಸ್ವಲ್ಪ ಜಾಸ್ತಿಯೇ ಇರಲಿ ಅಂತ 4 ಸೆಂ.ಮೀ. ಅಗಲಕ್ಕೆ ಗೋಂದು ಹಚ್ಚಿದೆ. ಅದರೊಳಗೆ ಪೂರ್ತಿ ಇಳಿದದ್ದೆಲ್ಲ ಗೋಡೆಯ ಎತ್ತರದ ಗೂಡಿಗೆ ಹೋಯಿತು. ಮಣಿ, ಗೋಲಿ, ಅಡುಗೆ ಆಟದ ಪುಟ್ಟ ಲೋಟ, ಗೊಂಬೆಯ ಚಪ್ಪಲಿ ಎಲ್ಲವೂ. ಸಣ್ಣವನು ಮಲಗಿದಾಗ ಮಗಳು ಕೇಳಿ ಇಳಿಸಿಕೊಂಡು ದಿವಾನ್ ಮೇಲೆ ಕೂತು ಆಡುತ್ತಾಳೆ.

ಬ್ಯಾಟರಿ ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳಲ್ಲ. ಹಾಡುವ, ಮಿನುಗುವ ಆಟದ ಸಾಮಾನಿನಲ್ಲಿ ಗುಂಡಿ ಥರದ ಚಪ್ಪಟೆ ಸೆಲ್ ಇರುತ್ತೆ. ಮಗು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗಡೆ ಸುಡೋಕೆ ಶುರುವಾಗುತ್ತೆ. ನುಂಗಿರಬಹುದು ಅನ್ನೋ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು. ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಮೂರು ಆಟದ ಸಾಮಾನು ನಮ್ಮಲ್ಲಿದ್ದವು. ಮೂರನ್ನೂ ಮನೆಯಿಂದ ಆಚೆ ಹಾಕಿದೆ. ಹೊಸದು ತರುವಾಗ ಐಎಸ್‌ಐ ಗುರುತು ನೋಡುತ್ತೇನೆ. 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯ.

ಉಳಿದದ್ದಕ್ಕೆ ಗೂಡಿನ ಕೆಳಗೆ ಬಡಗಿಯವರಿಂದ ಒಂದು ಶೆಲ್ಫ್ ಮಾಡಿಸಿದೆ. ಮೂರು ಅಡಿ ಉದ್ದ, ಎರಡು ಅಡಿ ಎತ್ತರ, ಒಂದು ಅಡಿ ಆಳ, ಎರಡೇ ಹಂತ. ಬಾಗಿಲಿಲ್ಲ. ಮಗುವಿಗೆ ಕಾಣಬೇಕು, ಕೈಗೆ ಸಿಗಬೇಕು. ಹಳೇ ಟಿವಿ ಸ್ಟ್ಯಾಂಡಿನ ಹಲಗೆ ನಮ್ಮದೇ ಇತ್ತು, ಕೂಲಿ ಸೇರಿ 1,800 ರೂಪಾಯಿ ಆಯಿತು. ಅಂಚು ಉಜ್ಜಿ ದುಂಡಗೆ ಮಾಡಿಸಿದೆ. ಎರಡು ಕಡೆ ಕ್ಲಾಂಪ್ ಹಾಕಿ ಗೋಡೆಗೆ ಬಿಗಿಸಿದರು. ದಯವಿಟ್ಟು ಇದನ್ನು ಬಿಡಬೇಡಿ. ಮಗು ಹಿಡಿದು ಹತ್ತೋಕೆ ನೋಡೇ ನೋಡುತ್ತೆ, ಬಿಗಿಸದ ಶೆಲ್ಫ್ ಮೈಮೇಲೆ ಬರುತ್ತೆ.

ಬುಟ್ಟಿ ಮೇದಾರರ ಹತ್ತಿರ ತಂದೆ, ಆರು. ಬಿದಿರಿನದು ಹಗುರ, ಕಾಲ ಮೇಲೆ ಬಿದ್ದರೂ ಪೆಟ್ಟಾಗಲ್ಲ. ಆದರೆ ಸಿಬಿರು ಇರುತ್ತೆ. ಅತ್ತೆ ಕೈಯಾಡಿಸಿ ನೋಡಿ, ಎದ್ದಿದ್ದ ಎಳೆಗಳನ್ನು ಚಾಕುವಿನಿಂದ ಹೆರೆದರು. ಹಳೇ ಕಾಟನ್ ಸೀರೆ ಹರಿದು ಒಳಗೂ ಬಾಯಿಯ ಅಂಚಿಗೂ ಹೊದಿಸಿ ಹೊಲಿದುಕೊಟ್ಟರು. ಮಗಳಿಗೆ ಓದೋಕೆ ಬರಲ್ಲ, ಅದಕ್ಕೆ ಬುಟ್ಟಿಗೆ ಒಂದರಂತೆ ಚಿತ್ರ ಕಟ್ಟಿದ್ದೇವೆ. ಅವಳೇ ಬರೆದ ಚಿತ್ರಗಳು. ಗಾಡಿ ಬುಟ್ಟಿಯದು ಎರಡು ಸೊನ್ನೆ, ಮೇಲೊಂದು ಗೆರೆ. ಬೇರೆಯವರಿಗೆ ತಿಳಿಯದಿದ್ದರೂ ಅವಳು ಒಂದು ದಿನವೂ ತಪ್ಪಿ ಹಾಕಿಲ್ಲ.

ಇಷ್ಟಾದರೂ ಬ್ಲಾಕ್ಸ್ ಸಮಸ್ಯೆ ಉಳಿಯಿತು. ಅರವತ್ತು ಚಿಲ್ಲರೆ ತುಂಡು, ಇಡೀ ಪಡಸಾಲೆ ತುಂಬಾ. ಇದಕ್ಕೆ ದಾರಿ ತೋರಿಸಿದವರು ಅತ್ತೆ. ಅವರ ಹತ್ತಿರ ಹಳೇ ಸೀರೆಗಳ ಕೌದಿ ಇತ್ತು, ನಾಲ್ಕು ಪದರದ್ದು, ಅವರ ತಾಯಿ ಹೊಲಿದದ್ದು. ಒಂದು ಮೂಲೆ ಜೀರ್ಣವಾಗಿತ್ತು. ಅದನ್ನು ನಡುವೆ ಹಾಸಿ, ಸೀಮೆಸುಣ್ಣಕ್ಕೆ ದಾರ ಕಟ್ಟಿ ಐದು ಅಡಿ ಅಗಲದ ದುಂಡು ಗೆರೆ ಎಳೆದು ಕತ್ತರಿಸಿದರು. ಅಂಚು ಮಡಚಿ ಹೊಲಿದು, ಒಳಗೆ ದಪ್ಪ ಲಾಡಿ ತೂರಿಸಿದರು. ಈಗ ಬ್ಲಾಕ್ಸ್ ಆಟ ಕೌದಿ ಮೇಲೆ ಮಾತ್ರ. ಆಟ ಮುಗಿದ ಮೇಲೆ ಲಂಗದ ಲಾಡಿ ಎಳೆದ ಹಾಗೆ ಎಳೆದರೆ ಅಂಚೆಲ್ಲ ಮುದುಡಿ ಕೌದಿಯೇ ಚೀಲ ಆಗುತ್ತೆ. ಗೂಟಕ್ಕೆ ನೇತುಹಾಕಿದರೆ ಮುಗಿಯಿತು. ಹೆಕ್ಕುವ ಕೆಲಸವೇ ಇಲ್ಲ. ಲಾಡಿ ಉದ್ದ ಇರುವುದರಿಂದ ಗೂಟ ದೊಡ್ಡವರ ಎತ್ತರಕ್ಕೆ ಇದೆ, ಮಕ್ಕಳ ಕುತ್ತಿಗೆಗೆ ಸುತ್ತಿಕೊಳ್ಳಬಾರದು.

ಎತ್ತಿಡುವ ಹೊತ್ತನ್ನೂ ಅತ್ತೆಯೇ ಗೊತ್ತು ಮಾಡಿದರು. ಸಂಜೆ ಕಸ ಗುಡಿಸಿ ದೀಪ ಹಚ್ಚುವ ಮೊದಲು ನೆಲ ಖಾಲಿ ಇರಬೇಕು. "ದೀಪ ಹಚ್ಬೇಕು ಪುಟ್ಟಿ, ಬುಟ್ಟಿ ತುಂಬು ಬಾ" ಅಂದರೆ ಮಗಳು ಏಳುತ್ತಾಳೆ. ನಾನು ಎಷ್ಟು ಸಲ "ಎತ್ತಿಡು" ಅಂದರೂ ಏಳುತ್ತಿರಲಿಲ್ಲ. ಊದಿನಕಡ್ಡಿ ಹಚ್ಚುವ ಕೆಲಸ ಸಿಗುತ್ತೆ ಅನ್ನೋ ಆಸೆಯೂ ಇದೆ, ಅಜ್ಜಿಯ ಕೈ ಹಿಡಿದುಕೊಂಡು. ಸಣ್ಣವನು ಒಂದು ಚೆಂಡು ತಂದು ಹಾಕುತ್ತಾನೆ, ಅಷ್ಟಕ್ಕೇ ಎಲ್ಲರೂ ಚಪ್ಪಾಳೆ ಹೊಡೆಯುತ್ತೇವೆ.

ಶೆಲ್ಫಿನಲ್ಲಿ ಎಲ್ಲ ಸಾಮಾನೂ ಒಟ್ಟಿಗೆ ಇಡಲ್ಲ. ಅರ್ಧಕ್ಕಿಂತ ಜಾಸ್ತಿ ಸಜ್ಜದ ಮೇಲೆ, ತೊಳೆದ ಮಂಡಕ್ಕಿ ಚೀಲದಲ್ಲಿ. ಅಮಾವಾಸ್ಯೆಗೂ ಹುಣ್ಣಿಮೆಗೂ ಹೇಗಿದ್ದರೂ ಮನೆ ತೊಳೆಯುತ್ತೇವೆ ಅಲ್ವಾ, ಆ ದಿನ ಅದಲು ಬದಲು ಮಾಡುತ್ತೇವೆ. ಹದಿನೈದು ದಿನ ಕಾಣದ ಬಸ್ಸು ಇಳಿದು ಬಂದರೆ ಹೊಸದು ಕೊಂಡಷ್ಟೇ ಖುಷಿ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 36 ಪುಟ್ಟ ಮಕ್ಕಳನ್ನು ನೋಡಿ 2018ರಲ್ಲಿ ಬರೆದಿದ್ದಾರೆ: ಎದುರಿಗೆ 16 ಆಟಿಕೆ ಇದ್ದಾಗಿನದಕ್ಕಿಂತ 4 ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಬಗೆಬಗೆಯಾಗಿ ಆಡಿದರು. ನಮ್ಮ ಮನೆಯಲ್ಲೂ ಹಾಗೇ ಆಯಿತು. ಮೊದಲು ಐದು ನಿಮಿಷಕ್ಕೊಂದು ಎಳೆಯುತ್ತಿದ್ದವಳು ಈಗ ಒಂದೇ ಅಡುಗೆ ಸೆಟ್ಟಿನಲ್ಲಿ ತಾತನಿಗೆ ಬೆಣ್ಣೆ ದೋಸೆ ಹಾಕಿ, ಚಟ್ನಿ ಬಡಿಸಿ, ದುಡ್ಡು ವಸೂಲಿ ಮಾಡುವವರೆಗೂ ಆಡುತ್ತಾಳೆ.

ಬದಲಾಯಿಸುವ ದಿನವೇ ತೊಳೆಯುವುದೂ ಆಗುತ್ತೆ. ಪ್ಲಾಸ್ಟಿಕ್ಕಿಗೆ ಸೋಪಿನ ನೀರು. ಬಟ್ಟೆ ಗೊಂಬೆಗಳನ್ನು ಒಗೆದು ಮಾಳಿಗೆ ಮೇಲೆ ಒಣಗಿಸುತ್ತೇನೆ, ನಮ್ಮೂರ ಬಿಸಿಲಿಗೆ ಸಂಜೆಯೊಳಗೆ ಗರಿಗರಿ. ಚನ್ನಪಟ್ಟಣದ ಮರದ ಗೊಂಬೆಗಳನ್ನು ಮಾತ್ರ ನೀರಿಗೂ ಬಿಸಿಲಿಗೂ ಹಾಕಬೇಡಿ. ಅದರ ಬಣ್ಣ ಅರಗಿನದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆಗ ಬಂದ ನೆಂಟರೆಲ್ಲ ಪೀಪಿ, ಗಾಡಿ, ಬಲೂನು ಕೈಗಿಡುತ್ತಾರೆ. ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಅನ್ನೋಕೆ ಆಗಲ್ಲ. ಬುಟ್ಟಿ ಆರೇ ಅಂತ ಇಟ್ಟುಕೊಂಡಿದ್ದೇವೆ, ಹೊಸದು ಬಂದರೆ ಹಳೆಯದೊಂದು ಹೋಗಬೇಕು. ಯಾವುದು ಅಂತ ಮಗಳೇ ಆರಿಸುತ್ತಾಳೆ. ಹೋದ ಸಲ ಎರಡು ಗೊಂಬೆ, ಒಂದು ಪಜಲ್ ತೊಳೆದು ಒರೆಸಿ ಪಕ್ಕದ ಬೀದಿಯ ಅಂಗನವಾಡಿಗೆ ಕೊಟ್ಟು ಬಂದೆವು. ಪಜಲ್ಲಿನ ತುಂಡುಗಳನ್ನು ಅವಳು ಎರಡು ಸಲ ಎಣಿಸಿದಳು. ಒಂದು ಕಡಿಮೆ ಇತ್ತು. ಮಾವ ದಿವಾನ್ ಕೆಳಗೆ ಬಗ್ಗಿ ಹುಡುಕಿ ತೆಗೆದುಕೊಟ್ಟ ಮೇಲೇ ಹೊರಟಿದ್ದು.