ಅರ್ಧ ಮಿಲಿಮೀಟರ್ ತೇಗವನ್ನು ಉಳಿಸಿಕೊಳ್ಳುವುದು ಹೇಗೆ?

ತೇಗದ ಮುಖವಿರುವ ಪ್ಲೈವುಡ್ಡಿನಲ್ಲಿ ತೇಗ ಇರುವುದು ಸುಮಾರು ಅರ್ಧ ಮಿಲಿಮೀಟರಿನಷ್ಟು ಮಾತ್ರ. ಎಷ್ಟೋ ಹಲಗೆಗಳಲ್ಲಿ ಅಷ್ಟೂ ಇರುವುದಿಲ್ಲ. ಮನೆಗೆ ತಾವೇ ಕಪಾಟು ಮಾಡಲು ಹೊರಟವರು ವಾರಗಟ್ಟಲೆ ಅಚ್ಚುಕಟ್ಟಾಗಿ ಕೆಲಸ ಮಾಡಿ, ಕೊನೆಯಲ್ಲಿ ಉಜ್ಜುವ ಯಂತ್ರವನ್ನು ಒಂದೇ ಜಾಗದಲ್ಲಿ ಅರೆಕ್ಷಣ ಹೆಚ್ಚು ಒತ್ತಿ ಆ ಪದರವನ್ನೇ ಕಳೆದುಕೊಂಡದ್ದನ್ನು ನಾನು ಹಲವು ಸಲ ನೋಡಿದ್ದೇನೆ. ಹಾಗೆ ಸವೆದ ಜಾಗವನ್ನು ಯಾವ ಬಣ್ಣವೂ ಮುಚ್ಚಲಾರದು.

1. ಹಲಗೆ ಕೊಳ್ಳುವುದು

ಅಂಗಡಿಯಲ್ಲಿ ಎರಡು ದಾರಿಗಳಿವೆ: ತೆಳು ಪ್ಲೈ ಮೇಲೆ ತೇಗದ ತೆಳುಪದರ (ವೆನೀರ್) ಕೂರಿಸಿದ, ಒಟ್ಟು 4 ಮಿಲಿಮೀಟರ್ ದಪ್ಪದ ಹಾಳೆಯನ್ನು ತಂದು ಸಾದಾ ಪ್ಲೈಗೆ ಅಂಟಿಸುವುದು, ಇಲ್ಲವೇ ಕಾರ್ಖಾನೆಯಲ್ಲಿಯೇ ಒತ್ತಿ ಕೂಡಿಸಿದ 19 ಮಿಲಿಮೀಟರಿನ ಟೀಕ್ ಪ್ಲೈ ಕೊಳ್ಳುವುದು. ಒತ್ತುಯಂತ್ರವಿಲ್ಲದ ಮನೆಯಲ್ಲಿ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಹಾಳೆಯನ್ನು ಗುಳ್ಳೆ ಏಳದಂತೆ ಅಂಟಿಸುವುದು ಕಷ್ಟವಾದ್ದರಿಂದ ಎರಡನೆಯದನ್ನೇ ಆರಿಸಿರಿ. ಬಾಗಿಲುಗಳಿಗಂತೂ ಎರಡೂ ಬದಿ ತೇಗವಿರುವ ಹಲಗೆಯೇ ಬೇಕು. ಒಂದೇ ಬದಿಗೆ ವೆನೀರ್ ಅಂಟಿಸಿ ಹಿಂಬದಿಯನ್ನು ಬರಿದಾಗಿ ಬಿಟ್ಟರೆ ಎರಡು ಮುಖಗಳೂ ತೇವವನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರಿ, ಬಾಗಿಲು ಬಿಲ್ಲಿನಂತೆ ಬಾಗುತ್ತದೆ.

ಅಲಂಕಾರಿಕ ವೆನೀರ್ ಪ್ಲೈಗೆ ಐಎಸ್ 1328 ಎಂಬ ಭಾರತೀಯ ಮಾನದಂಡವಿದೆ. ಹಲಗೆಯ ಮೇಲೆ ಆ ಗುರುತನ್ನು ಹುಡುಕಿರಿ. ಸಿಂಕಿನ ಕೆಳಗಿನ ಗೂಡಿಗೆ ಮಾತ್ರ ನೀರನ್ನು ತಾಳುವ, ಐಎಸ್ 710 ಗುರುತಿನ ಮರೀನ್ ಪ್ಲೈ ಬಳಸುವುದು ಕ್ಷೇಮ. ಒಂದು ಕಪಾಟಿಗೆ ಬೇಕಾದ ಹಲಗೆಗಳನ್ನೆಲ್ಲ ಒಂದೇ ಕಂತೆಯಿಂದ ಒಂದೇ ಸಲಕ್ಕೆ ತನ್ನಿರಿ, ಏಕೆಂದರೆ ಮುಂದಿನ ತಿಂಗಳು ಬರುವ ತೇಗದ ಎಳೆಯಾಗಲಿ ಬಣ್ಣವಾಗಲಿ ಇದಕ್ಕೆ ಹೊಂದುವುದಿಲ್ಲ. ಒದ್ದೆ ಬಟ್ಟೆಯಿಂದ ಒಂದು ಮೂಲೆಯನ್ನು ಒರೆಸಿ ನೋಡಿದರೆ ಪಾಲಿಶ್ ಆದ ಮೇಲಿನ ಬಣ್ಣ ಹೆಚ್ಚುಕಡಿಮೆ ಅಲ್ಲಿಯೇ ಕಾಣುತ್ತದೆ. ಮರದ ಚಿತ್ರವನ್ನು ಕಾಗದದ ಮೇಲೆ ಮುದ್ರಿಸಿ ಅಂಟಿಸಿದ ಹಲಗೆಗಳನ್ನೂ ಕೆಲವರು ವೆನೀರ್ ಎಂದೇ ಮಾರುತ್ತಾರೆ. ಒಂದೇ ಗಂಟು, ಒಂದೇ ಸುಳಿ ಮತ್ತೆ ಮತ್ತೆ ಕಂಡರೆ ಅದನ್ನು ಮುಟ್ಟಬೇಡಿರಿ.

2. ಕೊಯ್ಯುವುದು

ಎಳೆಗೆ ಅಡ್ಡವಾಗಿ ಕೊಯ್ಯುವಾಗ ಗೆರೆಯನ್ನು ಮೊದಲು ಹರಿತವಾದ ಚಾಕುವಿನಿಂದ ಗೀರಿ, ಅದರ ಮೇಲೆ ಟೇಪ್ ಹಚ್ಚಿರಿ. ಕೈಯಲ್ಲಿ ಹಿಡಿಯುವ ವಿದ್ಯುತ್ ಗರಗಸವಾದರೆ ಒಳ್ಳೆಯ ಮುಖ ಕೆಳಗಿರಬೇಕು.

3. ಅಂಚು ಮತ್ತು ಉಜ್ಜುವಿಕೆ

ಕೆಲಸ ಕೆಡುವುದು ಇಲ್ಲಿಯೇ. ಪ್ಲೈನ ಪದರಗಳು ಕಾಣುವ ಅಂಚಿಗೆ ಸುಮಾರು 6 ಮಿಲಿಮೀಟರ್ ದಪ್ಪದ ಗಟ್ಟಿ ತೇಗದ ಪಟ್ಟಿಯನ್ನು ಅಂಟಿಸಬೇಕು. ಇಸ್ತ್ರಿಪೆಟ್ಟಿಗೆಯಿಂದ ಒತ್ತುವ ತೆಳು ಟೇಪನ್ನು ನಾನು ಯಾರಿಗೂ ಹೇಳುವುದಿಲ್ಲ, ದಿನವೂ ಕೈ ತಾಗುವ ಬಾಗಿಲಿನಲ್ಲಿ ಅದು ಬೇಗ ಏಳುತ್ತದೆ. ಅಂಟು ಹೊರಗೆ ಉಕ್ಕಿದ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿರಿ. ಒಣಗಿದ ಅಂಟಿನ ಕಲೆಯ ಮೇಲೆ ಬಣ್ಣವಾಗಲಿ ಪಾಲಿಶ್ ಆಗಲಿ ಇಳಿಯುವುದಿಲ್ಲ, ಅದು ಬಿಳಿಚಿಕೊಂಡೇ ಉಳಿಯುತ್ತದೆ.

ಪಟ್ಟಿಯು ವೆನೀರಿಗಿಂತ ಕೂದಲೆಳೆಯಷ್ಟು ಎತ್ತರವಾಗಿಯೇ ನಿಲ್ಲುತ್ತದೆ, ನಿಲ್ಲಬೇಕು ಕೂಡ. ಆ ಮೆಟ್ಟಿಲನ್ನು ಸಮಗೊಳಿಸಲು ಅನೇಕರು 80ರ ಒರಟು ಎಮೆರಿ ಕಾಗದ (ಅಂಕಿ ಹೆಚ್ಚಿದಷ್ಟೂ ಕಾಗದ ನಯ) ಹಾಕಿದ ಯಂತ್ರವನ್ನು ಎತ್ತಿಕೊಳ್ಳುತ್ತಾರೆ. ಯಂತ್ರವು ಪಟ್ಟಿಯನ್ನು ಇಳಿಸುವಷ್ಟರಲ್ಲಿ ಪಕ್ಕದ ವೆನೀರನ್ನೂ ತಿಂದು ಮುಗಿಸಿರುತ್ತದೆ. ಅದರ ಬದಲು ಪಟ್ಟಿಗೆ ಹೊಂದಿದ ವೆನೀರಿನ ಮೇಲೆ ಎರಡು ಬೆರಳಗಲ ಪೆನ್ಸಿಲಿನಿಂದ ತೆಳ್ಳಗೆ ಗೀಚಿ, ಸಣ್ಣ ತೋಪಡದ ಅಲಗನ್ನು ತೀರ ಕಡಿಮೆ ಹೊರಗಿಟ್ಟು, ಪಟ್ಟಿಯನ್ನಷ್ಟೇ ತೆಗೆಯುತ್ತ ಬನ್ನಿರಿ. ಬೆರಳಿಗೆ ಮೆಟ್ಟಿಲು ಇನ್ನೇನು ತಿಳಿಯದು ಎನ್ನುವಷ್ಟಾದಾಗ ತೋಪಡವನ್ನು ಕೆಳಗಿಟ್ಟು, ಚಪ್ಪಟೆ ಮರದ ತುಂಡಿಗೆ 180ರ ಕಾಗದ ಸುತ್ತಿ ಎಳೆಯ ಗುಂಟ ಉಜ್ಜಿರಿ. ಪೆನ್ಸಿಲ್ ಗೀಟು ಮಾಯವಾದ ಕ್ಷಣ ಅಲ್ಲಿ ನಿಲ್ಲಿಸಬೇಕು. ಕಾಗದವನ್ನು ಬರಿಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ. ಅಂಚಿನ ಹತ್ತಿರ ಮರದ ತುಂಡು ವಾಲಿದರೂ ಸಾಕು, ಮೊದಲು ಸವೆಯುವುದು ಅಂಚೇ.

ಉಳಿದ ಮುಖಕ್ಕೆ 240ರ ಕಾಗದ ಸಾಕು, ನಾಲ್ಕಾರು ಹದವಾದ ಎಳೆತಗಳಲ್ಲಿ ಮುಗಿಯುತ್ತದೆ. ಬಳಿಕ ಹಿಂಡಿದ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ, ನಾರು ಎದ್ದು ಒಣಗಿದ ಮೇಲೆ 320ರಿಂದ ಮೆಲ್ಲಗೆ ಸವರಿರಿ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಹಲಗೆಗೆ ಸಮಾನಾಂತರವಾಗಿ ಹಿಡಿದರೆ ಉಳಿದ ಗೀರುಗಳೆಲ್ಲ ಕಾಣುತ್ತವೆ.

4. ಪಾಲಿಶ್

ಇದೇ ಹಲಗೆಯ ಉಳಿಕೆ ತುಂಡಿನ ಮೇಲೆ ಮೊದಲಿಂದ ಕೊನೆಯವರೆಗೆ ಒಮ್ಮೆ ಮಾಡಿ ನೋಡದೆ ಕಪಾಟಿಗೆ ಕೈ ಹಚ್ಚಬೇಡಿರಿ. ತೇಗದಲ್ಲಿ ಸಹಜವಾದ ಎಣ್ಣೆಯಂಶವಿರುವುದರಿಂದ ಮೊದಲು ತಿನ್ನರಿನಿಂದ ಒರೆಸಿ, ಮರದ ರಂಧ್ರಗಳನ್ನು ಮುಚ್ಚುವ ಸೀಲರನ್ನು ಎರಡು ತೆಳು ಕೈ ಹಚ್ಚಿ, ನಡುವೆ 400ರ ಕಾಗದದಿಂದ ಸವರಿ, ಮೇಲೆ ಹೊಳಪಿಲ್ಲದ ಪಿಯು (ಪಾಲಿಯುರೆಥೇನ್) ಪಾಲಿಶ್ ಹಚ್ಚಿರಿ. ಹೊಳೆಯುವ ಪಾಲಿಶ್ ಪ್ರತಿಯೊಂದು ಗೀರನ್ನೂ ಎತ್ತಿ ತೋರಿಸುತ್ತದೆ, ಮರವನ್ನೂ ಪ್ಲಾಸ್ಟಿಕ್ಕಿನಂತೆ ಕಾಣಿಸುತ್ತದೆ. ಅರಗಿನ ಪಾಲಿಶ್ ನೋಡಲು ಬಹಳ ಚೆಂದವಾದರೂ ಬಿಸಿ ಲೋಟ ಇಟ್ಟಲ್ಲಿ, ನೀರು ನಿಂತಲ್ಲಿ ಬೆಳ್ಳಗಾಗುವುದರಿಂದ ಅಡುಗೆಮನೆಗೆ ಒಗ್ಗುವುದಿಲ್ಲ. ಗಟ್ಟಿಕಾರಕ ಬೆರೆಸುವ ಪಿಯು ಆವಿ ಉಸಿರಿಗೆ ಕೆಟ್ಟದ್ದು. ಕಿಟಕಿ ತೆರೆದಿಟ್ಟು, ಕೇವಲ ಧೂಳು ತಡೆಯುವ ಬಟ್ಟೆಯನ್ನಲ್ಲ, ರಾಸಾಯನಿಕ ಆವಿ ತಡೆಯುವ ಮುಖಗವಸನ್ನೇ ಧರಿಸಿರಿ.

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಈ ಕೆಲಸವನ್ನು ಮುಂದೂಡುವುದೇ ಲೇಸು. ತೇವದ ಗಾಳಿಯಲ್ಲಿ ತಿನ್ನರ್ ಬೇಗ ಆರಿ ಮೇಲ್ಮೈ ತಣ್ಣಗಾದಾಗ ನೀರಾವಿ ಅದರ ಮೇಲೆ ಕೂತು, ಲ್ಯಾಕರ್ ಮತ್ತು ಅರಗಿನ ಪಾಲಿಶ್‌ಗಳಿಗೆ ಮಂಜಿನಂಥ ಬಿಳುಪು ಹಿಡಿಯುತ್ತದೆ. ಬಾಗಿಲಿನ ಒಳಮುಖಕ್ಕೂ ಹೊರಮುಖದಷ್ಟೇ ಕೈಗಳನ್ನು ಹಚ್ಚಿರಿ. ಪಿಯು ಮುಟ್ಟಿದರೆ ಒಣಗಿದಂತೆ ಕಂಡರೂ ಪೂರ್ತಿ ಗಟ್ಟಿಯಾಗಲು ಹಲವು ದಿನ ಬೇಕಾಗುವುದರಿಂದ, ಹಿಡಿಕೆ ಮತ್ತು ಕೀಲುಗಳನ್ನು ಒಂದು ವಾರದ ನಂತರವೇ ಕೂರಿಸಿರಿ.