ಪೈಪಿನ ಒಳಗನ್ನು ತೋರಿಸಲು ಹೋಗಿ

ಸಕ್ಕರೆ ಕಾರ್ಖಾನೆಗೆ ಮಕ್ಕಳನ್ನು ಕರೆದುಕೊಂಡು ಹೋದರೆ ಅರ್ಧ ಪಾಠ ಮುಗಿದಂತೆ ಎಂದು ನಂಬಿದ್ದವಳು ನಾನು. ಮಂಡ್ಯದ ಕಡೆಯ ಪಾಲಿಟೆಕ್ನಿಕ್ ಒಂದರಲ್ಲಿ ಇನ್‌ಸ್ಟ್ರುಮೆಂಟೇಶನ್, ಅಂದರೆ ಒತ್ತಡ, ಹರಿವು, ಉಷ್ಣತೆ ಅಳೆಯುವ ಉಪಕರಣಗಳ ಪಾಠ, ಕಲಿಸುತ್ತೇನೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಬಸ್ ಮಾಡಿಕೊಂಡು ಹೋಗುತ್ತಿದ್ದೆವು. ಮಿಲ್ಲಿನ ಸದ್ದಿನಲ್ಲಿ ಎಂಜಿನಿಯರ್ ಹೇಳಿದ್ದು ಮುಂದೆ ನಿಂತ ನಾಲ್ವರಿಗೆ ಮಾತ್ರ ಕೇಳಿಸುತ್ತಿತ್ತು. ಎವಾಪರೇಟರ್ ಎಂದರೆ ಸಾಲಾಗಿ ನಿಂತ ಮುಚ್ಚಿದ ಹಂಡೆಗಳು. ಒಳಗೆ ತೆಳು ರಸ ಗಟ್ಟಿಯಾಗುತ್ತಿರುತ್ತದೆ, ಮೊದಲ ಹಂಡೆಯ ಆವಿಯೇ ಎರಡನೆಯದನ್ನು ಕುದಿಸುತ್ತಿರುತ್ತದೆ, ಹಂಡೆಯಿಂದ ಹಂಡೆಗೆ ಒತ್ತಡ ಇಳಿಯುತ್ತಿರುತ್ತದೆ. ಹೊರಗೆ ಕಾಣುವುದು ಬಣ್ಣ ಬಳಿದ ಕಬ್ಬಿಣ. ಮರುದಿನ ತರಗತಿಯಲ್ಲಿ ಏನು ನೋಡಿದಿರಿ ಎಂದು ಕೇಳಿದರೆ, "ಬಿಸಿ ಸಕ್ಕರೆ ತಿನ್ನಲು ಕೊಟ್ಟರು ಮೇಡಂ" ಎಂಬ ಉತ್ತರ.

ಕಾಣದ್ದನ್ನು ತೋರಿಸಬೇಕು ಎಂದು ವಿಡಿಯೊ ಮಾಡಲು ಕುಳಿತೆ. ಕಾರ್ಖಾನೆಯವರ ಅನುಮತಿ ಪಡೆದು ಮೊಬೈಲಿನಲ್ಲಿ ತೆಗೆದ ತುಣುಕುಗಳು, ಇಂಕ್‌ಸ್ಕೇಪ್‌ನಲ್ಲಿ ಬರೆದ ಅಡ್ಡಸೀಳು ಚಿತ್ರಗಳು, ನನ್ನದೇ ಧ್ವನಿ, ಹಿನ್ನೆಲೆಯಲ್ಲಿ ಕೊಳಲು. ಪರದೆಯ ಮೇಲೆ ಇಂಗ್ಲಿಷ್ ಸಾಲುಗಳು, ಅವನ್ನೇ ನಾನು ಓದಿ ಕನ್ನಡದಲ್ಲಿ ವಿವರಿಸುವುದು. ಒಟ್ಟು 22 ನಿಮಿಷ. ಮೂರು ವಾರ ರಾತ್ರಿ ಎದ್ದು ಮಾಡಿದ ಕೆಲಸ. ಮಕ್ಕಳು ಚಪ್ಪಾಳೆ ತಟ್ಟಿದರು.

ಮುಂದಿನ ವಾರ ಕಿರುಪರೀಕ್ಷೆಯಲ್ಲಿ ಒಂದೇ ಪ್ರಶ್ನೆ ಕೊಟ್ಟೆ. ಬಾಯ್ಲರಿನ ಉಗಿ ಪೈಪಿನಲ್ಲಿ ಆರಿಫೈಸ್ ಪ್ಲೇಟ್ (ನಡುವೆ ತೂತಿರುವ ತಟ್ಟೆ) ಇದೆ, ಅದರ ಎರಡು ಬದಿಯ ಒತ್ತಡದ ವ್ಯತ್ಯಾಸವನ್ನು ಅಳೆದು ವಿದ್ಯುತ್ ಸಂಕೇತವಾಗಿ ಕಳಿಸುವ ಡಿಪಿ ಟ್ರಾನ್ಸ್‌ಮಿಟರ್ ವರ್ಗಮೂಲ ತೆಗೆಯದೆ 12 ಮಿಲಿಆಂಪಿಯರ್ ಕಳಿಸುತ್ತಿದೆ, ಹರಿವು ಶೇಕಡಾ ಎಷ್ಟು? ಹೆಚ್ಚುಕಡಿಮೆ ಎಲ್ಲರೂ 50 ಎಂದು ಬರೆದಿದ್ದರು. ಈ ಸಂಕೇತದಲ್ಲಿ 4 ಮಿಲಿಆಂಪಿಯರ್ ಎಂದರೆ ಸೊನ್ನೆ, 20 ಎಂದರೆ ಪೂರ್ತಿ; 4ರಿಂದ 20ರ ನಡುವೆ 12 ಸರಿಯಾಗಿ ಮಧ್ಯದಲ್ಲಿದೆ, ನಿಜ. ಆದರೆ ಅರ್ಧವಾಗಿರುವುದು ಒತ್ತಡದ ವ್ಯತ್ಯಾಸ. ಹರಿವು ಅದರ ವರ್ಗಮೂಲದಂತೆ ನಡೆಯುವುದರಿಂದ ಉತ್ತರ 70.7. ವಿಡಿಯೊದಲ್ಲಿ ಇದನ್ನು ಎರಡು ಸಲ ಹೇಳಿದ್ದೆ, ಒಮ್ಮೆ ಕೆಂಪು ಅಕ್ಷರದಲ್ಲಿ ತೋರಿಸಿಯೂ ಇದ್ದೆ.

ಬೇಸರವಾಯಿತು, ಸುಳ್ಳೇಕೆ ಹೇಳಲಿ, ಮಕ್ಕಳ ಮೇಲೆ ಕೋಪವೂ ಬಂದಿತ್ತು. ನಾಲ್ಕು ದಿನ ಬಿಟ್ಟು ಅದೇ ವಿಡಿಯೊವನ್ನು ನಾನೇ ಮತ್ತೆ ನೋಡಿದೆ. ಪರದೆಯ ಅಕ್ಷರ ಓದುವುದೋ, ಮಾತು ಕೇಳುವುದೋ, ಚಿತ್ರ ನೋಡುವುದೋ ತಿಳಿಯದೆ ಏಳನೆಯ ನಿಮಿಷಕ್ಕೆ ನನಗೇ ತೂಕಡಿಕೆ. ಬಾಯಲ್ಲಿ ಹೇಳುವ ಮಾತನ್ನೇ ಪರದೆಯ ಮೇಲೂ ಬರೆದರೆ ಕಲಿಕೆ ಕುಗ್ಗುತ್ತದೆ ಎಂದು ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಪ್ರಯೋಗಗಳಿಂದ ತೋರಿಸಿದ್ದಾರೆಂದು ಆಮೇಲೆ ಓದಿದೆ. ಅಷ್ಟರಲ್ಲಿ ಕೊಳಲನ್ನೂ ಅಕ್ಷರಗಳನ್ನೂ ಕಿತ್ತುಹಾಕಿ ಆಗಿತ್ತು.

ಉಳಿದದ್ದನ್ನು ಮೂರು ಮೂರು ನಿಮಿಷದ ತುಂಡುಗಳಾಗಿ ಕತ್ತರಿಸಿದೆ. ಮಾತು ಕನ್ನಡ, ಉಪಕರಣಗಳ ಹೆಸರು ಕಾರ್ಖಾನೆಯಲ್ಲಿ ಕರೆಯುವ ಹಾಗೆಯೇ. ವರ್ಗಮೂಲದ ಪಾಠವನ್ನು ಮಾತ್ರ ವಿಡಿಯೊದಿಂದಲೇ ತೆಗೆದುಬಿಟ್ಟೆ. ಅದರ ಬದಲಿಗೆ ಲಿಬ್ರೆಆಫೀಸಿನ ಕ್ಯಾಲ್ಕ್ ಹಾಳೆಯಲ್ಲಿ ಒಂದು ಆಟಿಕೆ ಮಾಡಿದೆ. ಸ್ಕ್ರಾಲ್ ಬಾರ್ ಎಳೆದರೆ ಹರಿವು ಬದಲಾಗುತ್ತದೆ, ಪಕ್ಕದಲ್ಲಿ ಒತ್ತಡದ ವ್ಯತ್ಯಾಸ, ಮಿಲಿಆಂಪಿಯರ್, ಕೆಳಗೆ ಓಡುವ ಗ್ರಾಫ್. ಎಳೆಯುವ ಮುನ್ನ ತಮ್ಮ ಅಂದಾಜನ್ನು ಚೀಟಿಯಲ್ಲಿ ಬರೆದು ಮಡಚಿಡಬೇಕು. ಹರಿವನ್ನು ಅರ್ಧಕ್ಕೆ ಇಳಿಸಿದಾಗ ಒತ್ತಡದ ವ್ಯತ್ಯಾಸ ಕಾಲುಭಾಗಕ್ಕೆ ಇಳಿಯಿತು; ಪರದೆಯಲ್ಲಿ 12 ಬರಲಿಲ್ಲ, 8 ಬಂತು. ಕೋಣೆಯಲ್ಲಿ ಗುಜುಗುಜು ಎದ್ದಿತು. ಒಬ್ಬಳು ನನ್ನ ಸೂತ್ರವೇ ತಪ್ಪು ಎಂದು ವಾದಕ್ಕೆ ನಿಂತಳು, ಕಾಗದದಲ್ಲಿ ಲೆಕ್ಕ ಹಾಕಿ ತಾನೇ ಕುಳಿತಳು.

ಈ ಹಾಳೆಗೆ ದೋಷಗಳ ಗುಂಡಿಗಳನ್ನೂ ಸೇರಿಸಿದೆ. ತಂತಿ ತುಂಡಾದರೆ 0 ಮಿಲಿಆಂಪಿಯರ್. ಸೊನ್ನೆ ಹರಿವಿಗೆ 4 ಇಟ್ಟದ್ದು ಏಕೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಇಂಪಲ್ಸ್ ಲೈನ್, ಅಂದರೆ ಪೈಪಿನ ಒತ್ತಡವನ್ನು ಟ್ರಾನ್ಸ್‌ಮಿಟರಿಗೆ ಮುಟ್ಟಿಸುವ ಸಣ್ಣ ಕೊಳವೆ, ಕಟ್ಟಿಕೊಂಡರೆ ಅಂಕಿ ಇದ್ದಲ್ಲೇ ನಿಂತುಬಿಡುತ್ತದೆ. ಗುಟ್ಟಾಗಿ ಒಂದು ಗುಂಡಿ ಒತ್ತಿ, ಏನಾಗಿದೆ ಹೇಳಿ ಎಂದು ಕೇಳುವುದು ನನ್ನ ಪದ್ಧತಿ. ಹಿಂದಿನ ಬೆಂಚಿನ ಹುಡುಗನೊಬ್ಬ, ಅವನ ತಂದೆ ಬಾಯ್ಲರ್ ಮನೆಯಲ್ಲಿ ಕೆಲಸಕ್ಕಿದ್ದರು, ನಾನು ಏನೂ ಒತ್ತುವ ಮೊದಲೇ "ಲೈನ್ ಕಟ್ಟಿಕೊಂಡಿದೆ ಮೇಡಂ" ಎಂದ. ಇಲ್ಲ, ಎಲ್ಲ ಸರಿಯಿದೆ ಎಂದೆ. "ಸರಿಯಿದ್ದರೆ ಗೆರೆ ಇಷ್ಟು ನೇರವಾಗಿ ಹೇಗಿರುತ್ತದೆ? ನಿಜವಾದ ಉಗಿ ಅಲುಗಾಡುತ್ತಲೇ ಇರುತ್ತದೆ" ಎಂದ.

ಅವನು ಹೇಳಿದ್ದು ಸರಿ. ನನ್ನ ಆಟಿಕೆಯಲ್ಲಿ ಆರೋಗ್ಯವಂತ ಹರಿವೂ ಹೆಣದಂತೆ ನಿಶ್ಚಲ! ಆ ರಾತ್ರಿಯೇ ಯಾದೃಚ್ಛಿಕ ಅಂಕಿ ಕೊಡುವ ಸೂತ್ರ ಸೇರಿಸಿ ಗೆರೆಯನ್ನು ಸಣ್ಣಗೆ ನಡುಗಿಸಿದೆ. ಈಗ ನಡುಕ ನಿಂತರೆ ಮಕ್ಕಳು ತಾವಾಗಿಯೇ ಲೈನ್ ನೋಡಿ ಎನ್ನುತ್ತಾರೆ.

ಕೈಗೆಲಸಕ್ಕೆ ಪರದೆ ಸಾಲದು, ಅದನ್ನು ಫ್ಯೂಸುಗಳು ಕಲಿಸಿದವು. ಮಿಲಿಆಂಪಿಯರ್ ಅಳೆಯಲು ಟ್ರಾನ್ಸ್‌ಮಿಟರಿನ 24 ವೋಲ್ಟಿನ ಲೂಪಿಗೆ (ವಿದ್ಯುತ್ ಮಂಡಲಕ್ಕೆ) ಮಲ್ಟಿಮೀಟರನ್ನು ಸರಣಿಯಲ್ಲಿ ಸೇರಿಸಬೇಕು. ಅನಿಮೇಶನ್ನಿನಲ್ಲಿ ಎಲ್ಲರಿಗೂ ಅರ್ಥವಾಗಿತ್ತು. ಲ್ಯಾಬಿನಲ್ಲಿ ಕೆಂಪು ಪ್ರೋಬ್ ಮಿಲಿಆಂಪಿಯರ್ ತೂತಿನಲ್ಲಿರುವಾಗಲೇ ಸಪ್ಲೈಗೆ ಅಡ್ಡಲಾಗಿ ಹಿಡಿದು ಒಂದೇ ತಿಂಗಳಲ್ಲಿ ಏಳು ಫ್ಯೂಸ್ ಸುಟ್ಟರು. ಆಮೇಲೆ ಭುಜದ ಮೇಲಿನಿಂದ ಮೊಬೈಲ್ ಹಿಡಿಸಿ, ಪ್ರೋಬನ್ನು ಒಂದು ತೂತಿನಿಂದ ಇನ್ನೊಂದಕ್ಕೆ ಬದಲಿಸುವ ಕೈಯನ್ನಷ್ಟೇ 40 ಸೆಕೆಂಡ್ ಚಿತ್ರೀಕರಿಸಿದೆ. ನೋಡುವವರಿಗೆ ಅದು ತಮ್ಮದೇ ಕೈ ಎನಿಸಬೇಕು. ಮೀಟರ್ ಮುಟ್ಟುವ ಮುನ್ನ ಅದನ್ನು ನೋಡಲೇಬೇಕೆಂಬುದು ಈಗ ನಿಯಮ. ಫ್ಯೂಸ್ ಈಗಲೂ ಸುಡುತ್ತದೆ, ಅಪರೂಪಕ್ಕೆ.

ಥರ್ಮೊಕಪಲ್ ಎಂದರೆ ಎರಡು ಬೇರೆ ಲೋಹದ ತಂತಿಗಳನ್ನು ಜೋಡಿಸಿ ಉಷ್ಣತೆ ಅಳೆಯುವ ಸಾಧನ; ಅದರ ಕೋಲ್ಡ್ ಜಂಕ್ಷನ್ನಿಗೆ, ಅಂದರೆ ಬಿಸಿಯ ಕಡೆ ಇಡದ ಇನ್ನೊಂದು ಜೋಡಣೆಗೆ, ಮೂರು ಅನಿಮೇಶನ್ ಮಾಡಿ ಮೂರನ್ನೂ ಅಳಿಸಿದ್ದೇನೆ. ಈಗ ಅದಕ್ಕೆ ಕ್ಯಾಂಟೀನಿನಿಂದ ಮಂಜುಗಡ್ಡೆ ತರಿಸುತ್ತೇನೆ. ಕೆ ಮಾದರಿಯ ತಂತಿಯ ತುದಿಯನ್ನು ಕುದಿಯುವ ನೀರಿನಲ್ಲಿಟ್ಟರೆ, ಕೋಣೆಯ ಉಷ್ಣತೆ 25 ಡಿಗ್ರಿ ಇದ್ದ ದಿನ ಮೀಟರ್ ಸುಮಾರು 3 ಮಿಲಿವೋಲ್ಟ್ ತೋರಿಸುತ್ತದೆ. ಇನ್ನೊಂದು ಜೋಡಣೆಯನ್ನು ಥರ್ಮಾಸಿನ ಮಂಜುನೀರಿಗೆ ಇಳಿಸಿದೊಡನೆ ಅದು 4ರ ಕಡೆಗೆ ಏರುತ್ತದೆ. ಕುದಿಯುವ ನೀರು ಅದೇ, ತಂತಿಯೂ ಅದೇ. ಏಕೆ ಏರಿತು ಎಂದು ಕೇಳಿ ನಾನು ಸುಮ್ಮನೆ ನಿಂತುಕೊಳ್ಳುತ್ತೇನೆ.